ಸ್ಟೆನ್ಸಿಲ್‌ಗೆ ಸಿಕ್ಕ ಕನ್ನಡ

“ಆಕಿಗೆ ಓದಾಕ ಬರಂಗಿಲ್ಲೇನ್ರಿ?”

“ಬರ್ತದ. ಕನ್ನಡ.”

ಇಷ್ಟೇ ಹೇಳಿ ನನ್ನ ಗಂಡ ಚಹಾದ ಕಪ್ ಪಕ್ಕಕ್ಕೆ ಸರಿಸಿದರು. ನಾಗ್ಪುರದ ಹತ್ತಿರದ ಬುಟಿಬೋರಿಯ ಒಂದು ಕಾರ್ಖಾನೆಯಲ್ಲಿ ಅವರು ಮೇಂಟೆನೆನ್ಸ್ ನೋಡಿಕೊಳ್ಳುತ್ತಾರೆ. ಅವತ್ತು ಅಲ್ಲಿ ಮಲ್ಲವ್ವ ಎನ್ನುವ ಹೆಣ್ಣುಮಗಳು ಊಟದ ಡಬ್ಬಿ ಇಡಲು ಹೋಗಿ ಉಗಿ ಹರಿಯುವ ಪೈಪಿಗೆ ಅಂಗೈ ಒತ್ತಿಬಿಟ್ಟಿದ್ದಳು. ಯಾದಗಿರಿ ಕಡೆಯಿಂದ ಗುತ್ತಿಗೆ ಕೆಲಸಕ್ಕೆ ಬಂದವಳು. ಬಂದು ವಾರವೂ ಆಗಿರಲಿಲ್ಲ.

ಪೈಪಿನ ಹಿಂದಿನ ಗೋಡೆಯ ಮೇಲೆ ದೊಡ್ಡ ಕೆಂಪು ಅಕ್ಷರಗಳಲ್ಲಿ ಎಚ್ಚರಿಕೆ ಇದೆ. ಮರಾಠಿ, ಹಿಂದಿ, ಇಂಗ್ಲಿಷ್. ಕನ್ನಡ ಶಾಲೆಯಲ್ಲಿ ಏಳನೇ ಕ್ಲಾಸು ಓದಿದ ಮಲ್ಲವ್ವನಿಗೆ ಅದು ಬರೀ ಗೋಡೆಯ ಅಲಂಕಾರ.

ಕನ್ನಡದಲ್ಲೂ ಬರೆಸಿದರಾಯಿತು, ಅದರಲ್ಲೇನು? ನಾನೂ ಹಾಗೇ ಅಂದುಕೊಂಡೆ.

ಕಾರ್ಖಾನೆಯ ಬರಹವೆಲ್ಲ ಸ್ಟೆನ್ಸಿಲ್‌ನಲ್ಲಿ. ಅಂದರೆ ಹಾಳೆಯಲ್ಲಿ ಅಕ್ಷರ ಕತ್ತರಿಸಿ, ಗೋಡೆಗೆ ಹಿಡಿದು, ಮೇಲೆ ಬಣ್ಣ ಹೊಡೆಯುವುದು. ಕನ್ನಡದ್ದು ನಾಗ್ಪುರದಲ್ಲಿ ಎಲ್ಲಿ ಸಿಗಬೇಕು? ಗಾಂಧಿಬಾಗ್ ಮಾರ್ಕೆಟ್ಟಿಗೆ ಹೋಗಿ ಕೇಳಿದೆ. “ಸೌತ್ ಇಂಡಿಯನ್? ನಹೀ ಮಿಲೇಗಾ” ಎಂದು ಅಂಗಡಿಯವ ಮುಂದಿನ ಗಿರಾಕಿಯತ್ತ ತಿರುಗಿದ.

ಮಗಳು ಅದಿತಿ ಡಿಸೈನ್ ಓದುತ್ತಿದ್ದಾಳೆ. “ಮೈ ಬನಾತಿ ಹೂಂ ನಾ!” ಅಂದಳು. (ಕನ್ನಡ ಚೆನ್ನಾಗಿಯೇ ಮಾತಾಡುತ್ತಾಳೆ. ಓದುವಾಗ ಮಾತ್ರ ಒಂದೊಂದು ಅಕ್ಷರಕ್ಕೂ ನನ್ನ ಮುಖ ನೋಡುತ್ತಾಳೆ.) ರಾಮದಾಸಪೇಠ್‌ನ ಆಸ್ಪತ್ರೆಯಲ್ಲಿ ತೆಗೆಸಿದ್ದ ನನ್ನ ಮೊಣಕಾಲಿನ ಎಕ್ಸ್‌ರೇ ಫಿಲ್ಮ್ ಎಳೆದುಕೊಂಡು ಕೂತಳು. ದಪ್ಪ, ಗಟ್ಟಿಮುಟ್ಟಾದ ಅಕ್ಷರಗಳನ್ನು ಬರೆದಳು. ದೂರದಿಂದಲೇ ಕಣ್ಣಿಗೆ ಹೊಡೆಯಬೇಕಲ್ಲ! ಮೊದಲು ‘ಎಚ್ಚರ’ ಕತ್ತರಿಸಿದಳು. ‘ರ’ದ ಹೊಟ್ಟೆಯೊಳಗಿನ ತುಂಡು ಟಪ್ಪೆಂದು ಕೆಳಗೆ ಬಿತ್ತು. ಬಣ್ಣ ಹೊಡೆದರೆ ಅದು ‘ರ’ ಅಲ್ಲ, ಮೊಟ್ಟೆ.

ನಮ್ಮ ಲಿಪಿಯೇ ಹಾಗೆ, ಎಲ್ಲಿ ನೋಡಿದರೂ ಸುತ್ತು. ಒಳಗಿನ ತುಂಡು ಬೀಳಬಾರದೆಂದರೆ ಪ್ರತಿ ಸುತ್ತಿನಲ್ಲೂ ಕಡ್ಡಿಯಷ್ಟು ಜಾಗ ಕತ್ತರಿಸದೆ ಬಿಡಬೇಕು. ಬಣ್ಣ ಹೊಡೆದಾಗ ಅಲ್ಲೊಂದು ಸಣ್ಣ ಬಿರುಕು ಕಾಣುತ್ತದೆ. (ಮಿಲಿಟರಿ ಟ್ರಂಕಿನ ಮೇಲಿನ ಇಂಗ್ಲಿಷ್ ಹೆಸರುಗಳನ್ನು ನೆನಪಿಸಿಕೊಳ್ಳಿ.)

ಅದಿತಿ ಎಲ್ಲ ಅಕ್ಷರಗಳಿಗೂ ಬಿರುಕನ್ನು ಶಿಸ್ತಾಗಿ ಕೆಳಗೇ ಇಟ್ಟಳು. ಹಳೆಯ ಪೇಪರಿನ ಮೇಲೆ ಬಣ್ಣ ಹೊಡೆದು ತೋರಿಸಿದಳು. ನಾನು ಗಟ್ಟಿಯಾಗಿ ಓದಿದೆ: “ಭಿಸಿ ಇಧೆ. ಮುಟ್ಟಭೇಢಿ.”

‘ಬ’ದ ಕೆಳಗೆ ಸೀಳಿದರೆ ‘ಭ’. ‘ಡ’ದ ಕೆಳಗೆ ಸೀಳಿದರೆ ‘ಢ’. ಗೋಡೆ ತುಂಬ ಮಹಾಪ್ರಾಣ! ನಗು ತಡೆಯಲಾಗಲಿಲ್ಲ.

“ಹಸೂ ನಕೋ ಮಮ್ಮಿ, ನಗಬ್ಯಾಡ! ನನಗ ಇದನ್ನ ಯಾರ್ ಕಲಿಸ್ಯಾರ?”

ನಗು ನಿಂತುಹೋಯಿತು. ಅವಳ ಪಕ್ಕ ಕೂತೆ. ಬಿರುಕುಗಳನ್ನೆಲ್ಲ ಅಕ್ಷರದ ಭುಜದ ಹತ್ತಿರ ಸಾಗಿಸಿದೆವು. ಅಷ್ಟರಲ್ಲಿ ಮತ್ತೆರಡು ಫಿಲ್ಮ್ ಹಾಳಾದವು.

ಈ ನಡುವೆ ನನಗೆ ನಿಂತಲ್ಲಿ ನಿಲ್ಲಲಾಗದ ತಳಮಳ. ಮಧ್ಯಾಹ್ನ ಊಟದ ಹೊತ್ತಾದರೆ ಸಾಕು, ಗಂಡನಿಗೆ ಫೋನ್. “ಮತ್ತ ಯಾರೂ ಮುಟ್ಟಿಲ್ಲಲ್ಲ?” ಪೈಪಿಗೆ ಹೊದಿಕೆ ಹಾಕಿಸುವ ಫೈಲು ಯಾವುದೋ ಮೇಜಿನ ಮೇಲೆ ಮಲಗಿತ್ತು. “ಹಗ್ಗ ಕಟ್ಟಿಸೀನಿ, ಬಿಡು” ಅನ್ನುತ್ತಿದ್ದರು. ಬಿಡುವುದು ಹೇಗೆ? ಒಳಗೆ ಏನಿದೆ ಅಂತ ಹಗ್ಗ ಹೇಳುತ್ತದೆಯೇ?

ಸ್ಟೆನ್ಸಿಲ್ ಸಿದ್ಧವಾದ ಮೇಲೆ ಮ್ಯಾನೇಜರ್ ತಕರಾರು. ಮಹಾರಾಷ್ಟ್ರದಲ್ಲಿ ಕನ್ನಡ ಬೋರ್ಡಾ? ಯಾರಾದರೂ ಫೋಟೋ ತೆಗೆದು ವಾಟ್ಸಾಪ್‌ಗೆ ಹಾಕಿದರೆ? ಮರಾಠಿ ಅಳಿಸುತ್ತಿಲ್ಲ ಸಾಹೇಬ್ರೇ, ಕೆಳಗೆ ಇನ್ನೊಂದು ಸಾಲು ಅಷ್ಟೇ, ಅಂದರಂತೆ ನಮ್ಮವರು. ಮ್ಯಾನೇಜರ್ ಹೂಂ ಅನ್ನಲಿಲ್ಲ. ಬೇಡ ಅನ್ನಲೂ ಇಲ್ಲ. ನಮ್ಮವರು ಅದನ್ನೇ ಹೂಂ ಎಂದುಕೊಂಡರು.

ಭಾನುವಾರ ಮೂವರೂ ಬಸ್ ಹತ್ತಿ ಹೋದೆವು. ಅವತ್ತೂ ಶಿಫ್ಟ್ ಇತ್ತು. ಅದಿತಿ ಫಿಲ್ಮ್ ಹಿಡಿದಳು, ನಮ್ಮವರು ಬಣ್ಣ ಹೊಡೆದರು. ಬಲಗೈಗೆ ಬ್ಯಾಂಡೇಜ್ ಸುತ್ತಿಕೊಂಡೇ ಹಗುರ ಕೆಲಸ ಮಾಡುತ್ತಿದ್ದ ಮಲ್ಲವ್ವ ಬಂದು ನಿಂತಳು. ಎಡಗೈ ಬೆರಳು ಗಾಳಿಯಲ್ಲಿ ಆಡಿಸುತ್ತ ಓದಿದಳು.

“ಎ... ಚ್ಚ... ರ. ಬಿಸಿ ಐತಿ. ಮುಟ್ಟಬ್ಯಾಡ್ರಿ.”

ನಾವು ಬರೆದದ್ದು ‘ಇದೆ’, ‘ಬೇಡಿ’. ಆಕೆ ಅದನ್ನು ತನ್ನ ಮನೆಮಾತಿಗೆ ತಿರುಗಿಸಿಕೊಂಡೇ ಓದಿದ್ದಳು! ಅದಿತಿ ನನ್ನ ಕೈ ಗಟ್ಟಿಯಾಗಿ ಹಿಂಡಿದಳು.

“ಇದನ್ನ ಮೊದಲ ಬರೆದಿದ್ರ ಚಲೋ ಇತ್ತಲ್ರಿ ಅಕ್ಕಾರ” ಅಂದಳು ಮಲ್ಲವ್ವ, ಬ್ಯಾಂಡೇಜ್ ನೋಡಿಕೊಳ್ಳುತ್ತ. ಸಿಟ್ಟೇನೂ ಇರಲಿಲ್ಲ. ಅದೇ ಕಷ್ಟವಾಯಿತು. ನಮ್ಮವರು ಬಗ್ಗಿ ಬಣ್ಣದ ಡಬ್ಬಿ ಮುಚ್ಚತೊಡಗಿದರು.

ಆಗ ಪಕ್ಕದಲ್ಲಿ ನಿಂತಿದ್ದ ನಡುವಯಸ್ಸಿನ ವೆಲ್ಡರ್ ಒಬ್ಬ, “ದೀದಿ, ಹಮಾರಾ ಭೀ ಲಿಖ್ ದೋ” ಅಂದ. ಒಡಿಶಾದವನು, ತನ್ನ ಭಾಷೆಯಲ್ಲೂ ಬೇಕಂತೆ. ಹಿಂದಿ ಬರುತ್ತದಲ್ಲ ನಿಮಗೆ, ಅಂದೆ. “ಬೋಲ್ತಾ ಹೂಂ. ಪಢ್ತಾ ನಹೀ.” ಮಾತು ಬರುತ್ತದೆ, ಓದಲು ಬರುವುದಿಲ್ಲ.

ವಾಪಸ್ ಬರುವ ಬಸ್ಸಿನಲ್ಲೇ ಅದಿತಿ ಮೊಬೈಲಿನಲ್ಲಿ ಒಡಿಯಾ ಅಕ್ಷರ ತೆರೆದಳು. ಅಯ್ಯೋ, ಅವು ನಮ್ಮವಕ್ಕಿಂತ ದುಂಡಗೆ! ಎಲ್ಲಿ ಸೀಳಿದರೆ ಏನಾಗುತ್ತದೋ, ಆ ವೆಲ್ಡರನನ್ನೇ ಕೂರಿಸಿಕೊಂಡು ಕೇಳಬೇಕು.

ಅಂದಹಾಗೆ, ಇಷ್ಟು ದೂರ ಹೇಗೆ ಬಂದಿರಿ ಅಂತ ಅವನನ್ನು ಕೇಳಿದ್ದೆ. ಗುತ್ತಿಗೆದಾರನ ಕಡೆಯವನು ಊರಿಗೇ ಬಂದು ಒಡಿಯಾದಲ್ಲಿ ಎಲ್ಲ ವಿವರಿಸಿ ಕರೆತಂದನಂತೆ. ಮಲ್ಲವ್ವನ ಊರಿಗೆ ಬಂದವನದ್ದೂ ಒಳ್ಳೆ ಕನ್ನಡವಂತೆ.

ಕೆಲಸಕ್ಕೆ ಕರೆಯಲು ಸಿಕ್ಕ ಭಾಷೆ, ಎಚ್ಚರಿಸಲು ಯಾಕೆ ಸಿಗುವುದಿಲ್ಲ?