ತವರಿಲ್ಲದ ಕಾರು

ಐಮಂಗಲದ ಹೆದ್ದಾರಿ ಬದಿಯ ಚಹಾ ಅಂಗಡಿ ಮುಂದೆ, ನಮ್ಮ ಬಸ್ಸಿನ ಪಕ್ಕಕ್ಕೇ ಒಂದು ಹಳೇ ಅಮೆರಿಕನ್ ಕಾರು ನಿಂತಿತ್ತು. ಅಜ್ಜಂದಿರ ಕಾಲದ್ದು. ಚಕ್ರದ ಕಡ್ಡಿಗಳೆಲ್ಲ ಮರದವು, ಥೇಟ್ ನಮ್ಮ ಎತ್ತಿನ ಗಾಡಿಯ ಹಾಗೆ. ಮಾಲೀಕರು ಚಿತ್ರದುರ್ಗದಲ್ಲಿ ನಡೆಯುವ ಹಳೇ ಕಾರುಗಳ ಸ್ಪರ್ಧೆಗೆ ಹೊರಟಿದ್ದರು. ಒಂದು ಕಲೆ ಕಂಡರೂ ಬಹುಮಾನ ತಪ್ಪುತ್ತದೆಂದು ಬಟ್ಟೆ ಹಿಡಿದು ಒರೆಸುತ್ತಲೇ ಇದ್ದರು.

ಶೇಂಗಾ ಮಾರುವ ಅಜ್ಜಿಯೊಬ್ಬಳು ಕಾರಿನ ಹಿತ್ತಾಳೆ ಫಲಕ ತೋರಿಸಿ ನನ್ನನ್ನು ಕೇಳಿದಳು: "ಏನಪ್ಪ, ಓದಿದೋನಂಗೆ ಕಾಣ್ತೀಯ. ಏನ್ ಬರ್ದೈತೆ ಅದ್ರಾಗೆ?"

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲಿಗ ನಾನು. ಯಾರಾದರೂ ಹೀಗೆ ಕೇಳಿದರೆ ಈಗಲೂ ಎದೆಯುಬ್ಬುತ್ತದೆ. ಕಂಪನಿಯ ಹೆಸರು, ಡೆಟ್ರಾಯ್ಟ್ ಎಂಬ ಊರು, ಎರಡನ್ನೂ ಗಟ್ಟಿಯಾಗಿ ಓದಿದೆ.

"ಆ ಕಂಪನಿ ಮುಚ್ಚಿ ಎಷ್ಟೋ ಕಾಲ ಆಯ್ತಮ್ಮ," ಎಂದರು ಮಾಲೀಕರು. "ಕೆಟ್ಟರೆ ಕೇಳೋರೂ ಇಲ್ಲ."

"ಅಯ್ಯೋ, ತವರೇ ಇಲ್ಲೇನು ಇದಕ್ಕೆ!"

ಅಜ್ಜಿ ಬುಟ್ಟಿಯಿಂದ ಬೊಗಸೆ ತುಂಬ ಹಸಿ ಶೇಂಗಾ ತೆಗೆದು, ಮಗಳಿಗೆ ಮಡಿಲು ತುಂಬುವಂತೆ ಮುಂದಿನ ಸೀಟಿನ ಮೇಲೆ ಸುರಿದಳು. ಕಾಯಿಗಂಟಿದ್ದ ಕೆಂಪು ಮಣ್ಣು ಚರ್ಮದ ಸೀಟಿನ ತುಂಬ ಉದುರಿತು.

"ಏ ಅಜ್ಜೀ, ಸಾಹೇಬ್ರ ಬಹುಮಾನ ಹೋತು!" ಎಂದು ಚಹಾದವನು ಕೂಗಿದ.

"ಹೋಗ್ಲಿ ಬಿಡಲೇ. ಹೆಣ್ಮಗಳು ಬರೀ ಮಡ್ಲಾಗೆ ಹೋಗ್ಬಾರ್ದು."

ಮಾಲೀಕರು ಒರೆಸಲು ಬಾಗಿದವರು ಹಾಗೇ ನಿಂತರು. ಬಟ್ಟೆ ಮಡಚಿ ಜೇಬಿಗಿಟ್ಟುಕೊಂಡು, ಕಾರಿನ ಮುಂದೆ ಬಗ್ಗಿ ಹ್ಯಾಂಡಲ್ ತಿರುವಿದರು. ಇಂಜಿನ್ ಗುಡುಗಿತು.

"ಊರು ಮುಟ್ಟಿದ್ ಮ್ಯಾಲೆ ಫೋನ್ ಮಾಡ್ರಿ," ಎಂದಳು ಅಜ್ಜಿ.

ಕಾರು ಹತ್ತಿ ಕೂತಿದ್ದ ಮಾಲೀಕರು ಮತ್ತೆ ಇಳಿದು ಬಂದು, ಫೋನ್ ತೆಗೆದು, "ನಂಬರ್ ಹೇಳಮ್ಮ," ಎಂದರು.