ಐದು ದಿನದ ಮಾತ್ರೆ

ಮೊನ್ನೆ ಪಾಂಡವಪುರದಲ್ಲಿ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಬಾಗಿಲು ತಳ್ಳಿದಾಗ ಲವಂಗದೆಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಆರು ವರ್ಷದ ಹಿಂದೆಯೂ ಇಲ್ಲಿ ಇದೇ ವಾಸನೆ, ಇದೇ ಒರಗುವ ಕುರ್ಚಿ. ಹೃದಯಕ್ಕೆಂದು ನಾನು ದಿನಾ ಒಂದು ಮಾತ್ರೆ ನುಂಗುತ್ತೇನೆ, ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುವಂಥದ್ದು. ಆಗ ಇದ್ದ ಹಿರಿಯ ಡಾಕ್ಟರು ಅದನ್ನು ಐದು ದಿನ ನಿಲ್ಲಿಸಿ ಬರಲು ಹೇಳಿ, ಆಮೇಲೆ ದವಡೆ ಹಲ್ಲು ಕಿತ್ತಿದ್ದರು. ಈಗ ಅವರ ಜಾಗದಲ್ಲಿ ಚಿಕ್ಕ ವಯಸ್ಸಿನ ಹೆಣ್ಣುಮಗಳು ಕೂತಿದ್ದಾರೆ. ನಾನೇ ಮುಂದಾಗಿ, "ಮಾತ್ರೆ ಐದು ದಿನ ನಿಲ್ಲಿಸಿ ಬರಲಾ?" ಎಂದೆ.

"ಬೇಡವೇ ಬೇಡ. ಈಗ ಹಾಗೆ ನಿಲ್ಲಿಸಲ್ಲ. ಬರೆದುಕೊಟ್ಟ ಡಾಕ್ಟರನ್ನ ಕೇಳದೆ ಒಂದು ದಿನಾನೂ ಬಿಡಬೇಡಿ," ಎಂದರು ಅವರು, ಕೈಗವಸು ಎಳೆದುಕೊಳ್ಳುತ್ತಾ.

ಎಷ್ಟು ಸಲೀಸಾಗಿ ಹೇಳಿಬಿಟ್ಟರು… ಬಾಯಿ ತೆರೆದುಕೊಂಡು ಮಲಗಿದ್ದವನ ಕಣ್ಣಲ್ಲಿ ನೀರು ಬಂತು. ಸೂಜಿ ನೋಯುತ್ತಿದೆ ಅಂದುಕೊಂಡು ಅವರು ಸಮಾಧಾನ ಮಾಡಿದರು. ನನಗೆ ನೆನಪಾಗಿದ್ದು ನಮ್ಮೂರ ಡೇರಿಯಮ್ಮ.

ಡೇರಿಯಮ್ಮ ಅಂದರೆ ನಮ್ಮೂರ ಹಾಲಿನ ಡೇರಿಯಲ್ಲಿ ಬೆಳಿಗ್ಗೆ ಸಂಜೆ ಹಾಲು ಅಳೆದು ಹಾಕಿಸಿಕೊಳ್ಳುತ್ತಿದ್ದವರು. ತವರು ಕೆ.ಆರ್. ಪೇಟೆ ಕಡೆ. ನಲವತ್ತು ದಾಟಿದ್ದರೂ ಜಡೆ ಸೊಂಟ ಮುಟ್ಟುತ್ತಿತ್ತು. ಹಾಲಿಗೆ ಲ್ಯಾಕ್ಟೋಮೀಟರು ಬಿಟ್ಟು ಬಗ್ಗಿ ಗೆರೆ ನೋಡುವಾಗ ಜಡೆ ಕ್ಯಾನಿಗೆ ಬೀಳದ ಹಾಗೆ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ನಾನು ಶ್ರೀರಂಗಪಟ್ಟಣದ ಕಚೇರಿಯಲ್ಲಿ ಗುಮಾಸ್ತ. ಬಸ್ಸು ಹಿಡಿಯುವ ಮೊದಲು ಒಂದು ಹಸುವಿನ ಹಾಲು ಹಾಕಿ ಹೋಗುತ್ತಿದ್ದೆ. ನನ್ನ ಕ್ಯಾನು ಕಂಡರೆ ಸಾಕು, "ಸಾರು ದಿನಾ ಪಟ್ಣಕ್ಕೆ ಓಯ್ತಾರಲ್ಲ, ಬರ್ತಾ ಕಾವೇರೀನೂ ಜೊತೇಲಿ ಕರ್ಕಬತ್ತಾರೆ," ಎಂದು ಸಾಲಿನಲ್ಲಿದ್ದವರನ್ನೆಲ್ಲ ನಗಿಸುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ನೀರು ಹಾಕಿರುತ್ತಿರಲಿಲ್ಲ, ಅದು ಬೇರೆ ಮಾತು.

ಒಂದು ಬೆಳಿಗ್ಗೆ ಅವರು ನನ್ನ ಹಾಲನ್ನು ಎರಡು ಸಲ ನೋಡಿ, ಮೂರನೇ ಸಲಕ್ಕೆ ಲ್ಯಾಕ್ಟೋಮೀಟರನ್ನು ನನ್ನ ಕೈಗೇ ಕೊಟ್ಟರು. "ನೀವೇ ನೋಡಿ ಸಾರ್. ಗೆರೆ ಎಲ್ಡೆಲ್ಡು ಕಾಣ್ತವೆ ನಂಗೆ." ಆಗ ಗಮನಿಸಿದೆ, ಅವರ ಎಡಗಣ್ಣಿನ ರೆಪ್ಪೆ ಅರ್ಧ ಇಳಿಬಿದ್ದಿತ್ತು. ಹದಿನೈದು ದಿನದಿಂದ ತಲೆನೋವು, ಹೇಳಿಕೊಂಡಿರಲಿಲ್ಲ. ಕಣ್ಣಿನ ಡಾಕ್ಟರು ನೋಡಿದವರೇ ಕನ್ನಡಕ ಬರೆಯುವ ಬದಲು ಮೈಸೂರಿಗೆ ಸ್ಕ್ಯಾನಿಂಗಿಗೆ ಕಳಿಸಿದರು. ಫಾರಮ್ಮು, ಸಹಿ, ಸೀಲು ಎಂದರೆ ಊರಲ್ಲಿ ನನ್ನನ್ನೇ ಕರೆಯುತ್ತಿದ್ದರು. ಹಾಗಾಗಿ ಅವರ ಗಂಡ ಮತ್ತು ಅತ್ತೆಯ ಜೊತೆ ನಾನೂ ಹೋದೆ.

ಅಲ್ಲಿಯ ಡಾಕ್ಟರು ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದರು. ಸೈಕಲ್ ಟ್ಯೂಬು ಸವೆದ ಕಡೆ ಉಬ್ಬುವ ಹಾಗೆ ಮಿದುಳಿನ ಒಂದು ರಕ್ತನಾಳ ಉಬ್ಬಿ ಗುಳ್ಳೆಯಾಗಿದೆ, ಒಡೆದರೆ ಉಳಿಸುವುದು ಕಷ್ಟ ಎಂದರು. ತಲೆ ಕೊಯ್ಯುತ್ತಾರೆ ಎಂದು ಅಜ್ಜಿ, ಅಂದರೆ ಅವರ ಅತ್ತೆ, ಅಲ್ಲೇ ಗೋಡೆಗೊರಗಿ ಕೂತುಬಿಟ್ಟಳು. ನಾಗಮಂಗಲದ ಕಡೆ ಇರುವ ಮನೆದೇವರನ್ನು ನೆನೆದು, "ಸೊಸೆ ತಲೇಗೆ ಕತ್ತಿ ಸೋಕಿಸ್ದೆ ಉಳಿಸ್ಕೊಡಪ್ಪ, ಪೂರ್ತಿ ಮುಡಿ ಕೊಡುಸ್ತೀನಿ," ಎಂದು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ತಲೆಗೆ ಕತ್ತಿ ಸೋಕಲೇ ಇಲ್ಲ. ತೊಡೆಯ ಸಂದಿನ ರಕ್ತನಾಳದಿಂದ ಸಣ್ಣ ಕೊಳವೆ ತೂರಿಸಿ, ಮಿದುಳಿನವರೆಗೂ ಹೋಗಿ, ಗುಳ್ಳೆಯ ಬಾಯಿಗೆ ಅಡ್ಡವಾಗಿ ಜಾಲರಿಯ ಸ್ಟೆಂಟು ಕೂರಿಸಿದರು. ಒಳಗೆ ಹೋಗುವಾಗ ಇದ್ದ ಜಡೆ ಹೊರಗೆ ಬಂದಾಗಲೂ ಹಾಗೇ ಇತ್ತು. ಅಜ್ಜಿ ಆ ಜಡೆಯನ್ನು ಕೈಯಲ್ಲಿ ಹಿಡಿದುಕೊಂಡು ಅತ್ತಳು. ಮನೆಗೆ ಕಳಿಸುವಾಗ ಡಾಕ್ಟರು ಎರಡು ಮಾತ್ರೆ ಬರೆದು, ಒಂದು ದಿನವೂ ತಪ್ಪಿಸಬಾರದು, ತಪ್ಪಿದರೆ ಜಾಲರಿಯ ಒಳಗೆ ರಕ್ತ ಕಟ್ಟಿಕೊಳ್ಳುತ್ತದೆ ಎಂದರು. ಡೇರಿಯಮ್ಮನಿಗೆ ಅದು ಥಟ್ಟನೆ ಅರ್ಥವಾಯಿತು. "ಸೋಸೋ ಜರಡಿ ಒಂದೊತ್ತು ತೊಳೀದೆ ಇದ್ರೆ ಕೆನೆ ಕಟ್ಕತದಲ್ಲ, ಅಂಗೆ," ಎಂದರು. ಅರ್ಥವಾಗದೆ ಹೋದದ್ದು ಓದಿದವನಾದ ನನಗೆ.

ಎರಡು ವಾರಕ್ಕೆ ಡೇರಿಗೆ ಮರಳಿದರು. ನಿಧಾನಕ್ಕೆ ರೆಪ್ಪೆ ಮೇಲೆದ್ದಿತು, ಕಾವೇರಿಯ ಹಾಸ್ಯವೂ ಮರಳಿತು. ಆದರೆ ಮುಡಿಯ ಹರಕೆ ಮುಂದಕ್ಕೆ ಹೋಗುತ್ತಲೇ ಇತ್ತು. ಮೊದಲು ಸುಸ್ತು, ಆಮೇಲೆ ದಾಯಾದಿಗಳ ಮನೆಯಲ್ಲಿ ಸಾವಿನ ಸೂತಕ… ಮೂರು ತಿಂಗಳಾಯಿತು. ಕೊಟ್ಟ ಮಾತು ತಪ್ಪುತ್ತಿದೆ ಎಂದು ಅಜ್ಜಿ ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಕೊನೆಗೆ ಒಂದು ಸೋಮವಾರ ನಿಗದಿಯಾಯಿತು.

ಅದಕ್ಕೆ ಒಂದು ವಾರ ಮೊದಲು, ಹಾಲು ಹಾಕುವವರೆಲ್ಲ ಹೋದ ಮೇಲೆ, ಡೇರಿಯಮ್ಮ ನನ್ನನ್ನು ನಿಲ್ಲಿಸಿದರು. ಕಬ್ಬಿನ ಗರಿ ಕೊಯ್ದಿದ್ದ ಬೆರಳು ತೋರಿಸಿ, "ಇಷ್ಟು ಗಾಯ ಸಾರ್, ಗಂಟೆಗಟ್ಲೆ ರಕ್ತ ನಿಲ್ನಿಲ್ಲ. ತಲೆ ಬೋಳಿಸ್ವಾಗ ಕತ್ತಿ ತಾಕ್ಬುಟ್ರೆ? ಅತ್ತೆಗೆ ಏಳಿದ್ರೆ ಎದ್ರುಕೊಂಡು ಸಾಯ್ತಾರೆ. ನೀವೂ ಇದ್ರಾಗೆ ಒಂದು ಮಾತ್ರೆ ತಿಂತೀರಲ್ಲ, ಅಲ್ಲು ಕೀಳಿಸ್ದಾಗ ಏನ್ಮಾಡುದ್ರಿ?" ಎಂದು ಕೇಳಿದರು.

"ಐದು ದಿನ ನಿಲ್ಲಿಸಿದ್ದೆ. ಏನೂ ಆಗಲಿಲ್ಲ," ಎಂದೆ.

"ಮೈಸೂರು ಡಾಕ್ಟ್ರಿಗೆ ಒಂದು ಪೋನು ಮಾಡ್ಲಾ?"

ಬಸ್ಸಿಗೆ ಹೊತ್ತಾಗಿತ್ತು. ಹೊತ್ತಾಗಿತ್ತು ಅನ್ನುವುದೂ ನೆಪವೇ. ಕೇಳಿದವರಿಗೆಲ್ಲ ಅಪ್ಪಣೆ ಕೊಟ್ಟು ಅಭ್ಯಾಸವಾಗಿದ್ದ ಬಾಯಿ ನನ್ನದು. "ಇಷ್ಟಕ್ಕೆಲ್ಲ ಯಾಕಮ್ಮ ಫೋನು? ನಾನು ಹೇಳ್ತಿಲ್ವಾ?" ಎಂದುಬಿಟ್ಟೆ. ಅವರ ಮುಖ ಹಗುರವಾಯಿತು. ನನ್ನ ಮಾತು ನಂಬಿ ಅಷ್ಟು ನಿರಾಳವಾದ ಮುಖವನ್ನು ನಾನು ಆಮೇಲೆ ಯಾರಲ್ಲೂ ನೋಡಿಲ್ಲ…

ಮನೆಯಲ್ಲಿ ಹೇಳದೆ ಐದು ದಿನ ಮಾತ್ರೆ ಬಿಟ್ಟು, ಸೋಮವಾರ ಮುಡಿ ಕೊಟ್ಟು ಬಂದರು. ಕತ್ತಿ ಎಲ್ಲೂ ತಾಕಿರಲಿಲ್ಲ. ಮಂಗಳವಾರ ಬೆಳಿಗ್ಗೆ ಬೋಳು ತಲೆಗೆ ಗಂಧ ಬಳಿದುಕೊಂಡೇ ಡೇರಿಗೆ ಬಂದರು. ನಾನು ಸಾಲಿನಲ್ಲಿ ಮೂರನೆಯವನು. ನನ್ನನ್ನು ನೋಡಿ ಏನೋ ಹೇಳಲು ಬಾಯಿ ತೆರೆದರು. ಕಾವೇರಿಯ ಮಾತೇ ಇರಬೇಕು. ಮಾತು ಬರಲಿಲ್ಲ. ಬಲಗೈಯಲ್ಲಿದ್ದ ಅಳತೆಯ ಪಾತ್ರೆ ಜಾರಿ ಬಿತ್ತು. ಚೆಲ್ಲಿದ ಹಾಲಿನ ಮೇಲೇ ಅವರು ಕುಸಿದರು.

ಮೈಸೂರಿನಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಮಾತ್ರೆ ನಿಲ್ಲಿಸಿದ್ರಾ?" ಏನೂ ಅರಿಯದ ಗಂಡ, "ಇಲ್ಲ ಸಾರ್, ದಿನಾ ನುಂಗ್ತಿದ್ಲು," ಎಂದ. ನಾನು ಅವನ ಪಕ್ಕದಲ್ಲೇ ನಿಂತಿದ್ದೆ. ಗೋಡೆಯ ಮೇಲಿನ ಕ್ಯಾಲೆಂಡರು ನೋಡುತ್ತಿದ್ದೆ. ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಿ ಮುಚ್ಚಿಕೊಂಡಿದೆ, ಮಾತ್ರೆ ನುಂಗುತ್ತಿದ್ದರೂ ಅಪರೂಪಕ್ಕೆ ಹೀಗಾಗುವುದುಂಟು ಎಂದರು ಡಾಕ್ಟರು. ಕೈಲಾದದ್ದೆಲ್ಲ ಮಾಡಿದರು. ಹನ್ನೊಂದು ದಿನ ಇದ್ದರು ಡೇರಿಯಮ್ಮ. ಒಂದು ಮಾತೂ ಆಡಲಿಲ್ಲ.

ಅಜ್ಜಿ ಕಾರಣ ಹುಡುಕಲು ದೂರ ಹೋಗಲಿಲ್ಲ. "ಮೂರ್ ತಿಂಗ್ಳು ತಡ ಮಾಡ್ಬುಟ್ಟೆ. ಅದ್ಕೇ ಕೊಟ್ಟೋನೇ ಕಿತ್ಕಂಡ," ಎಂದಳು. ಅಂದಿನಿಂದ ವರ್ಷಕ್ಕೊಮ್ಮೆ ಅದೇ ದೇವರಿಗೆ ಹೋಗಿ, ತಪ್ಪುಕಾಣಿಕೆ ಎಂದು ತನ್ನದೇ ತಲೆ ಬೋಳಿಸಿಕೊಂಡು ಬರುತ್ತಿದ್ದಳು. ನಾಲ್ಕು ವರ್ಷ, ನಾಲ್ಕು ಸಲ. ಪ್ರತಿ ಸಲವೂ ಆ ಬೋಳು ತಲೆ ಕಂಡಾಗ ನಾಳೆ ಹೇಳೋಣ ಅಂದುಕೊಳ್ಳುತ್ತಿದ್ದೆ. ನಾಳೆ ಎನ್ನುವುದು ನಮ್ಮ ಕಚೇರಿಯಲ್ಲಿ ಎಲ್ಲರಿಗಿಂತ ನನಗೇ ಚೆನ್ನಾಗಿ ಬರುತ್ತಿದ್ದ ಮಾತು.

ಮೊನ್ನೆ ಹಲ್ಲು ಕೀಳಿಸಿಕೊಂಡು, ಹತ್ತಿ ಕಚ್ಚಿಕೊಂಡು ಊರಲ್ಲಿ ಬಸ್ಸಿಳಿದೆ. ಡೇರಿಯ ಜಗಲಿಯ ಮೇಲೆ ಅಜ್ಜಿ ಒಬ್ಬಳೇ ಕೂತಿದ್ದಳು. "ಬರೋ ಸ್ವಾಮಾರ ದೇವಸ್ಥಾನಕ್ಕೆ ಓಯ್ತಿವ್ನಿ ಕಣಪ್ಪ. ನಾಗಮಂಗ್ಲದ ಬಸ್ಸು ಎಷ್ಟೊತ್ಗೆ?" ಎಂದು ಕೇಳಿದಳು. ತಲೆಯ ಮೇಲೆ ಒಂದು ವರ್ಷದ ಬಿಳಿ ಕೂದಲು. ನಾನು ಬಾಯಿಯ ಕಡೆ ಕೈ ತೋರಿಸಿ ದಾಟಿಕೊಂಡೆ. ಮಾತಾಡದೇ ಇರಲು ಡಾಕ್ಟರೇ ಹೇಳಿದ್ದರಲ್ಲ, ಅದಕ್ಕಿಂತ ಒಳ್ಳೆಯ ನೆಪ ಬೇಕೇ? ಹತ್ತು ಹೆಜ್ಜೆ ಹೋದೆ. ಸಾಕಾಗಿ ಹೋಗಿತ್ತು ನನಗೆ. ತಿರುಗಿ ಬಂದು, ಹತ್ತಿ ಉಗಿದು, ಜಗಲಿಯ ಮೇಲೆ ಕೂತು ಎಲ್ಲ ಹೇಳಿದೆ. ಮಾತ್ರೆ ನಿಲ್ಲಿಸಲು ಹೇಳಿದ್ದು ನಾನು. ಫೋನು ಬೇಡ ಎಂದಿದ್ದು ನಾನು. ಆಸ್ಪತ್ರೆಯಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದೂ ನಾನೇ.

ಕಬ್ಬಿನ ಟ್ರಾಕ್ಟರೊಂದು ಹೋಯಿತು. ಅಜ್ಜಿ ತಲೆಯ ಮೇಲೆ ಕೈಯಾಡಿಸಿಕೊಂಡಳು.

"ನಾಕ್ ಸಲ ಕಣಪ್ಪ… ನಾಕ್ ಸಲ ಓಗಿ, ತಪ್ಪಾಯ್ತು ತಪ್ಪಾಯ್ತು ಅಂತ ಅಡ್ಡ ಬಿದ್ದಿವ್ನಿ. ಒಂದ್ ಸಲವಾದ್ರೂ ಏಳ್ಬಾರ್ದಾಗಿತ್ತಾ?"

ಅವಳು ಎದ್ದಳು. ಎರಡು ಹೆಜ್ಜೆ ಇಟ್ಟು, ತಿರುಗಿ ನೋಡದೆ, "ಬಾಯೊರೆಸ್ಕೊ. ರಕ್ತ ಬತ್ತಾ ಅದೆ," ಎಂದಳು.

ಸೋಮವಾರ ನಾಗಮಂಗಲದ ಬಸ್ಸು ಬಂದು ನಿಂತು ಹೋಯಿತು. ಅಜ್ಜಿ ಹತ್ತಲಿಲ್ಲ. ಇವತ್ತು ಬೆಳಿಗ್ಗೆ ಡೇರಿಯ ಸಾಲಿನಲ್ಲಿ ನನಗಿಂತ ಮುಂದೆ ನಿಂತಿದ್ದಳು, ಮಾತಾಡಿಸಲಿಲ್ಲ. ಈಗ ಹಾಲನ್ನು ಮೆಷಿನ್ನು ನೋಡುತ್ತದೆ, ಕಾವೇರಿಯ ಮಾತೆತ್ತುವವರು ಯಾರೂ ಇಲ್ಲ. ಅಜ್ಜಿಯ ಬಿಳಿ ಕೂದಲು ಕಿವಿ ದಾಟಿತ್ತು. ಬಗ್ಗಿ ಹಾಲು ಸುರಿಯುವಾಗ ಮುಖಕ್ಕೆ ಬೀಳುತ್ತಿದ್ದ ಅದನ್ನು ಏನು ಮಾಡಬೇಕೋ ತಿಳಿಯದೆ, ಸೊಸೆ ಜಡೆ ಸಿಕ್ಕಿಸಿಕೊಳ್ಳುತ್ತಿದ್ದ ಹಾಗೇ, ಕಿವಿಯ ಹಿಂದಕ್ಕೆ ಸಿಕ್ಕಿಸಲು ನೋಡುತ್ತಿದ್ದಳು.