ಎರಡನೇ ಸ್ವಿಚ್ಚು ಮತ್ತು ಅತ್ತೆಯ ಬಾವಿ

ನನ್ನ ಮೊದಲ ನೌಕರಿ ಒಂದು ಕಂಪೈಲರಿಗೆ ಹಳೆಯ ಮಾತು ಕಲಿಸುವುದಾಗಿತ್ತು. ಕಂಪೈಲರ್ ಎಂದರೆ ನಾವು ಕಾರ್ಡುಗಳಿಗೆ ತೂತು ಹೊಡೆದು ಬರೆದದ್ದನ್ನು ಕಂಪ್ಯೂಟರಿಗೆ ತಿಳಿಸಿ ಹೇಳುವ ದುಭಾಷಿ. ಎಪ್ಪತ್ತರ ದಶಕದ ನಡುವಿನಲ್ಲಿ, ನಾನಿದ್ದ ಪುಣೆಯ ಕಚೇರಿಗೆ ಹೊಸ ಯಂತ್ರ ಬಂತು. ಅದರ ಬೆನ್ನಿಗೇ ಸವದತ್ತಿ ಕಡೆಯ ಒಂದು ಕಾಲುವೆ ಕಚೇರಿಯಿಂದ ಟಿನ್ನಿನ ಪೆಟ್ಟಿಗೆಯೂ ಬಂತು. ಕಾಲುವೆ ಎಲ್ಲೆಲ್ಲಿ ಹಾಯಬೇಕೆಂದು ಲೆಕ್ಕ ಹಾಕುವ ಕಾರ್ಡುಗಳು ಅದರಲ್ಲಿದ್ದವು. ಹಿಂದೆ ಹಳೆಯ ಯಂತ್ರದಲ್ಲಿ ತೆಗೆದಿದ್ದ ಉತ್ತರದ ಕಾಗದಗಳನ್ನು ಗೆದ್ದಲು ತಿಂದು ಮುಗಿಸಿತ್ತು. ಅದನ್ನೇ ಇನ್ನೊಮ್ಮೆ ತೆಗೆದುಕೊಡಬೇಕು.

"ಕಾರ್ಡಿಗೆ ಮ್ಯಾಲಿನವರ ಮಂಜೂರಿ ಆಗೇತ್ರಿ. ಒಂದನ್ನೂ ಬದಲ ಮಾಡಬ್ಯಾಡ್ರಿ. ಬೇಕಾದ್ರ ನಿಮ್ಮ ಕಂಪೈಲರ್ ತಿದ್ಕೋರಿ," ಎಂದರು ಪೆಟ್ಟಿಗೆ ತಂದ ಗುಮಾಸ್ತರು. ನೆಗಡಿ ಬಂತೆಂದು ಮೂಗು ಕೊಯ್ಯುವ ಈ ಉಪಾಯ ನಮ್ಮ ಮುಖ್ಯಸ್ಥರಿಗೂ ಒಪ್ಪಿಗೆಯಾಯಿತು. ನನಗೆ ಮೈಯೆಲ್ಲ ಉರಿಯಿತು.

ಹಳೆಯ ಯಂತ್ರ ಮಾರಿದವರು ಭಾಷೆಗೆ ತಮ್ಮದೇ ಬಾಲಂಗೋಚಿ ಕಟ್ಟಿದ್ದರು. 'ನಿಲ್ಲು' ಎಂದು ಒಂದು ಕಾರ್ಡು, 'ಮೂರನೇ ದೀಪ ಹಚ್ಚು' ಎಂದು ಇನ್ನೊಂದು, 'ಎರಡನೇ ಸ್ವಿಚ್ಚು ಒತ್ತಿದೆಯೋ ನೋಡು' ಎಂದು ಮತ್ತೊಂದು. ಹೊಸ ಯಂತ್ರಕ್ಕೆ ಆ ದೀಪವೂ ಇಲ್ಲ, ಯಂತ್ರ ನಡೆಸುವವರು ಕೈಯಿಂದ ಒತ್ತುವ ಆ ಸ್ವಿಚ್ಚೂ ಇಲ್ಲ.

ರಜೆಯಲ್ಲಿ ನಮ್ಮೂರು ಮನೋಳಿಗೆ ಹೋದಾಗ ಅಪ್ಪ ಯಾರದೋ ಮನೆಯಲ್ಲಿ ಪೂಜೆ ಮಾಡಿಸುತ್ತಿದ್ದರು. "ಗಜಾರೋಹಣಂ ಸಮರ್ಪಯಾಮಿ," ಎಂದು ದೇವರನ್ನು ಆನೆ ಹತ್ತಿಸಿ, ಆನೆಯ ಬದಲು ನಾಲ್ಕು ಕಾಳು ಅಕ್ಷತೆ ಹಾಕಿದರು. ಕುದುರೆಗೂ ಅಷ್ಟೇ, ಛತ್ರಿಗೂ ಅಷ್ಟೇ. ಹುಟ್ಟಿದಾಗಿನಿಂದ ನೋಡಿದ್ದೇ, ಅವತ್ತು ಹೊಳೆಯಿತು. ಪುಣೆಗೆ ಮರಳಿದವನೇ, ಆ ಕಾರ್ಡುಗಳನ್ನು ಕಂಪೈಲರ್ ಮರ್ಯಾದೆಯಿಂದ ಓದಿಕೊಂಡು ಏನೂ ಮಾಡದೆ ಮುಂದೆ ಹೋಗುವಂತೆ ಬರೆದೆ. ಆ ಭಾಗಕ್ಕೆ 'ಅಕ್ಷತ' ಎಂದೇ ಹೆಸರಿಟ್ಟೆ. ಲೆಕ್ಕ ಸರಾಗವಾಗಿ ಓಡಿತು. ನನ್ನಂಥ ಜಾಣ ಇಲ್ಲವೆಂದು ಬೀಗಿದೆ.

ಎರಡು ತಿಂಗಳ ಮೇಲೆ ಊರಿಗೆ ಹೋದರೆ, ಸೋದರತ್ತೆಯ ಹೊಲದ ಬಾವಿಗೆ ತಾಗಿ ಕೆಂಪು ಬಣ್ಣ ಬಳಿದ ಕಲ್ಲು ನೆಟ್ಟಿದ್ದರು. ಕಾಲುವೆ ಅಲ್ಲೇ ಹಾಯುವುದು, ಬಾವಿ ಮುಚ್ಚುವುದು. ಶಿವರಾತ್ರಿ ಕಳೆದರೆ ಅಗೆತ ಶುರು. ವಿಧವೆ ಅತ್ತೆಗೆ ಆ ನೀರಿನ ಮೇಲೆ ಬೆಳೆಯುವ ಬದನೆ, ಮೆಣಸಿನಕಾಯಿ ಬಿಟ್ಟರೆ ಬೇರೆ ಗತಿ ಇರಲಿಲ್ಲ.

"ಇದನ್ನ ಯಾರ ಇಟ್ಟಾರೋ?"

"ಕಂಪ್ಯೂಟರ್ ಇಟ್ಟದ, ಅತ್ತಿ."

"ಅದು ಯಾರ ಪೈಕಿ? ಅವರ ಮನಿಯವರ್ನ ಕರಕೊಂಡ ಬಾ. ನಾ ಮಾತಾಡತೇನಿ."

ಅವರ ಮನೆಯವನು ನಾನೇ ಆಗಿದ್ದೆ. ನಾಚಿಕೆಯಿಂದ ಅವತ್ತು ರಾತ್ರಿ ಚೀಲದಲ್ಲಿದ್ದ ಕಾರ್ಡುಗಳ ಪಟ್ಟಿ ತೆಗೆದು ಮೊದಲಿನಿಂದ ಓದಿದೆ. ತಪ್ಪು ಎಲ್ಲಿದೆಯೆಂದು ಆಗ ಗೊತ್ತಾಯಿತು. ದೀಪಕ್ಕೆ ಅಕ್ಷತೆ ಸಾಕು, ಆದರೆ ಸ್ವಿಚ್ಚು ಒಂದು ಪ್ರಶ್ನೆ. ಒತ್ತಿದ್ದರೆ ಕಾಲುವೆಗೆ ಒಂದು ದಾರಿ, ಇಲ್ಲದಿದ್ದರೆ ಇನ್ನೊಂದು. ನಾನು ಎಲ್ಲ ಕಡೆಗೂ 'ಇಲ್ಲ' ಎಂದುಬಿಟ್ಟಿದ್ದೆ.

ಆ ಕಾರ್ಡುಗಳನ್ನು ಬರೆದ ಎಂಜಿನಿಯರ್ ಸಾಹೇಬರು ನಿವೃತ್ತರಾಗಿ ಬೈಲಹೊಂಗಲದಲ್ಲಿದ್ದರು. ಬಸ್ಸು ಹತ್ತಿ ಹೋಗಿ, ಎಲ್ಲೆಲ್ಲಿ ಎರಡನೇ ಸ್ವಿಚ್ಚು ಒತ್ತುತ್ತಿದ್ದಿರಿ ಎಂದು ಕೇಳಿದೆ.

"ನನಗ ನೆನಪಿಲ್ಲೋ ತಮ್ಮಾ. ಕೈಗೆ ಇದ್ದೀತು. ಓದು," ಎಂದರು.

ಪಡಸಾಲೆಯ ಸ್ವಿಚ್ ಬೋರ್ಡಿನ ಪಕ್ಕ ಕುರ್ಚಿ ಹಾಕಿಕೊಂಡು ಕಣ್ಣು ಮುಚ್ಚಿ ಕೂತರು. ನಾನು ಕಾರ್ಡುಗಳ ಪಟ್ಟಿಯನ್ನು ಮೈಲಿ ಮೈಲಿಗೆ ಮಂತ್ರದಂತೆ ಓದಿದೆ. 'ಮೂರನೇ ದೀಪ' ಎಂದಾಗಲೆಲ್ಲ ಹಾಡಹಗಲೇ ಅಡುಗೆಮನೆಯ ದೀಪ ಹತ್ತುತ್ತಿತ್ತು. 'ನಿಲ್ಲು' ಎಂದಾಗ ಚಹಾ. ಹಳೆಯ ಯಂತ್ರದ ಮುಂದೆಯೂ ಹಾಗೇ ಮಾಡುತ್ತಿದ್ದರಂತೆ. ಆರನೇ ಚಹಾಕ್ಕೆ ಅವರ ಹೆಂಡತಿ ಹೊರಗೆ ಬಂದರು.

"ಏನ್ರಿ, ಈ ಕಾಲವಿ ನೀರಿಂದೋ, ಚಹಾದ್ದೋ?"

ಅಷ್ಟರಲ್ಲಿ ಕರೆಂಟು ಹೋಯಿತು. ದೀಪ ಹತ್ತದೆ ಮುಂದಿನ ಕಾರ್ಡು ಓದುವಂತಿಲ್ಲ ಎಂದು ಸಾಹೇಬರು ಕೈಯೆತ್ತಿದರು. ಒಂದೂವರೆ ತಾಸು ಮೂವರೂ ಕರೆಂಟಿನ ದಾರಿ ಕಾದೆವು.

ಕರೆಂಟು ಬಂದ ಮೇಲೆ ಏಳನೇ ಮೈಲಿ ಬಂತು. ಅದು ಅತ್ತೆಯ ಹೊಲ. "ಎರಡನೇ ಸ್ವಿಚ್ಚು..." ಎನ್ನುವುದರೊಳಗೆ ಅವರ ಕೈ ತಾನಾಗಿ ಎದ್ದು ಟಪ್ಪನೆ ಒತ್ತಿತು. ನೆತ್ತಿಯ ಮೇಲೆ ಫ್ಯಾನು ತಿರುಗಿತು.

"ಇಲ್ಲಿ ಯಾಕ್ರಿ ಸಾಹೇಬ್ರ? ಬಂಡಿಗಲ್ಲು ಏನರ ಅದ ಏನ್ರಿ?"

ಅವರು ಕಣ್ಣು ತೆರೆದರು. "ಇಲ್ಲೋ. ಸರ್ವೆ ಮಾಡೂವಾಗ ಬಿಸಲಿಗೆ ಕಣ್ಣಗತ್ತಲಿ ಬಂದು ಬಿದ್ದಿದ್ದೆ. ಒಬ್ಬಾಕಿ ಹೆಣ್ಣಮಗಳು ಬಾವಿ ನೀರ ಸೇದಿ ಕುಡಿಸಿದ್ಲು. ಆ ಬಾವಿ ಮ್ಯಾಲೆ ಹ್ಯಾಂಗ ಕಾಲವಿ ಹಾಯಸಲಿ? ಸ್ವಿಚ್ ಒತ್ತಿದ್ರ ಇಪ್ಪತ್ತ ಮಾರು ಸುತ್ತ ಹಾಕಿ ಹೋಗತೈತಿ. ಕಾಗದದಾಗ ಬರದ್ರ ಯಾಕಂತ ಕೇಳತಾರ. ಸ್ವಿಚ್ಚಿಗೆ ಯಾರ ಕೇಳತಾರ?"

ಉಳಿದ ಯಾವ ಮೈಲಿಯಲ್ಲೂ ಅವರ ಕೈ ಆ ಸ್ವಿಚ್ಚಿಗೆ ಏಳಲಿಲ್ಲ. ಪುಣೆಗೆ ಹೋಗಿ, ಏಳನೇ ಮೈಲಿಯ ಆ ಕಾರ್ಡು ಬಂದರೆ ಸ್ವಿಚ್ಚು ಒತ್ತಿದೆ ಎಂದೇ ಕಂಪೈಲರ್ ತಿಳಿಯುವಂತೆ ಬರೆದೆ. ಬದಲಾವಣೆಯ ಫಾರ್ಮಿನಲ್ಲಿ ಕಾರಣ ತುಂಬುವ ಜಾಗದಲ್ಲಿ 'ಹಳೆಯ ಯಂತ್ರದ ಪದ್ಧತಿ' ಎಂದು ಗೀಚಿದೆ. ಮುಖ್ಯಸ್ಥರು ಓದದೆ ಸಹಿ ಹಾಕಿ, ಹೊಸ ಉತ್ತರವನ್ನು ಕಾಲುವೆ ಕಚೇರಿಗೆ ಕಳಿಸಿದರು. ಶಿವರಾತ್ರಿಗೆ ಮೊದಲೇ ಕಲ್ಲು ಇಪ್ಪತ್ತು ಮಾರು ಆಚೆ ಹೋಯಿತು.

ಅತ್ತೆಗೆ ನಡೆದದ್ದನ್ನೆಲ್ಲ ಹೇಳಿದೆ. ಬಿಸಿಲಲ್ಲಿ ಬಿದ್ದಿದ್ದ ಸಾಹೇಬರು ನೆನಪಿದ್ದಾರೆಯೇ ಎಂದು ಕೇಳಿದೆ.

"ನೀರ ಬೇಡಿದವ್ರಿಗೆಲ್ಲಾ ಕೊಟ್ಟೇನಿ," ಅಂದಳು. "ಅದರಾಗ ಯಾರಂತ ನೆನಪಿಡ್ಲಿ?"